ಹದಿಮೂರನೆಯ ಅಕ್ಷರ

ರೂಆನ್, ೨ ಸೆಪ್ಟೆಂಬರ್ ೧೬೮೪

ನನ್ನ ಕುಂಟ ಗಂಡನಿಗೆ,

ಕಾಲು ಹೇಗಿದೆ ಗಾಸ್ಪಾರ್? ರಂಗದ ನೆಲದಲ್ಲಿ ಕಳ್ಳಬಾಗಿಲು ಎಲ್ಲಿದೆಯೆಂದು ಕಂಪನಿಯವರಿಗೆಲ್ಲ ವರ್ಷಗಟ್ಟಲೆ ಎಚ್ಚರಿಕೆ ಹೇಳಿದವರು ನೀವು, ಕೊನೆಗೆ ಅದರೊಳಗೆ ಬಿದ್ದವರೂ ನೀವೇ. ನಿಮ್ಮ ಜಾಗದಲ್ಲಿ ಮಾತು ಎತ್ತಿಕೊಡಲು ಮುದುಕ ಗ್ರೋಝಾನನನ್ನು ಕೂರಿಸಿದ್ದಾರೆ. ಅವನಿಗೆ ಕಿವಿ ಮಂದ. ಪಿಸುಗುಡುತ್ತಿದ್ದೇನೆಂದು ತಿಳಿದು ಕೂಗುತ್ತಾನೆ. ನಿನ್ನೆ ಅಭ್ಯಾಸದಲ್ಲಿ ನಾನು ಉಸಿರೆಳೆದುಕೊಳ್ಳಲು ಒಂದು ಗಳಿಗೆ ನಿಂತದ್ದೇ ತಡ, ರಾಣಿಯ ಇಡೀ ಮಾತನ್ನು ಅವನೇ ಹೇಳಿ ಮುಗಿಸಿದ. ಹಿಂದೆ ಬೆಂಚು ಜೋಡಿಸುತ್ತಿದ್ದ ಬಡಗಿ ಅವನಿಗೆ ಚಪ್ಪಾಳೆ ತಟ್ಟಿದ.

ಊರು ಸೇಬಿನ ವಾಸನೆಯಲ್ಲಿ ಮುಳುಗಿದೆ. ಮೂರು ಅಂಕ ಬಾಯಿಪಾಠವಾಗಿದೆ. ನಾಲ್ಕನೆಯದಕ್ಕೆ ಕಾದು ಕೂತಿದ್ದೇನೆ. ನಮ್ಮ ಕವಿ ಮೊಸ್ಯೋ ಲ್ಯುಬೆರ್ ಅಂಕ ಬರೆದು ಕೊಟ್ಟ ಕೂಡಲೇ ನನ್ನ ಮಾತುಗಳನ್ನು ನಕಲು ಮಾಡಿ ಕಳಿಸಿ. ಯಾಕೆ ಅವಸರ ಎಂದರೆ, ಕಂಪನಿಯ ಯಜಮಾನರು ನಿನ್ನೆ ನನ್ನನ್ನು ಪಕ್ಕಕ್ಕೆ ಕರೆದು ನೇರವಾಗಿ ಹೇಳಿದರು:

"ನೋಡಿ ಪೆರೀನಮ್ಮ, ನಂಗೆ ನಿಮ್ಮ ಮೇಲೆ ಗೌರವ ಇದೆ. ಆದ್ರೆ ಪ್ಯಾರಿಸ್ ಅಂದ್ರೆ ಪ್ಯಾರಿಸ್. ಹದಿನೇಳಕ್ಕೆ ಇಲ್ಲಿ ಮೊದಲ್ನೇ ಆಟ, ಬರೀ ನಾಲ್ಕು ಅಂಕ, ಐದನೇದು ಪ್ಯಾರಿಸ್‌ಗೇ ಮೀಸಲು. ನಾಲ್ಕನೇ ಅಂಕ ಜನಕ್ಕೆ ಹಿಡೀತು ಅಂದ್ರೆ ಪ್ಯಾರಿಸ್‌ನಲ್ಲೂ ರಾಣಿ ನೀವೇ. ಹಿಡೀಲಿಲ್ಲ ಅಂದ್ರೆ ಕೋಲೆತ್‌ಗೆ ಕೊಡ್ತೀನಿ. ಆಮೇಲೆ ನನ್ನ ಬಯ್ಯಬಾರ್ದು."

"ಬಯ್ಯಲ್ಲ ಬಿಡಿ, ಅದಕ್ಕೆ ಸಂದರ್ಭವೇ ಬರಲ್ಲ," ಎಂದೆ. ಕೋಲೆತ್‌ಗೆ ಇಪ್ಪತ್ತೊಂದು, ನನಗೆ ಮೂವತ್ತೇಳು. ಇಪ್ಪತ್ತೊಂದರ ಹುಡುಗಿಗೆ ಹೊಟ್ಟೆಕಿಚ್ಚು ಗೊತ್ತಿರುವುದು ಬೇರೆಯವರ ಉಡುಪಿನ ಮೇಲೆ ಮಾತ್ರ. ಸೆರೆಯಾಳಾದ ರಾಜಕುಮಾರನಿಗೆ ಮನಸ್ಸು ಕೊಟ್ಟು, ಅವನು ತನ್ನ ದಾಸಿಯ ಕಡೆ ನೋಡುವುದನ್ನು ಕಂಡು ಒಳಗೊಳಗೇ ಬೇಯುವ ರಾಣಿಯನ್ನು ಆಡಲು ನನ್ನ ವಯಸ್ಸೇ ಬೇಕು.

ರಾಜಕುಮಾರನ ಪಾತ್ರಕ್ಕೆ ಫ್ಲೊರಿವಾಲ್ ಎಂಬ ಹೊಸಬ ಬಂದಿದ್ದಾನೆ. ಮಾತು ಇನ್ನೂ ಹಸಿ, ಆದರೆ ಕಾಲುಗಳು ಮಾತ್ರ ದೇವರು ಬಿಡುವಾಗಿ ಕೂತು ಮಾಡಿದ್ದು. ಬಿಳಿಯ ರೇಷ್ಮೆ ಕಾಲುಚೀಲ ಹಾಕಿ ನಿಂತರೆ ರೂಆನಿನ ಅರ್ಧ ಹೆಂಗಸರು ಉಸಿರಾಡುವುದನ್ನು ಮರೆಯುತ್ತಾರೆ. ಇನ್ನರ್ಧಕ್ಕೆ ದೃಷ್ಟಿ ಮಂದವಿರಬೇಕು.

ನಿಮ್ಮ
ಪೆರೀನ್

*

ಪ್ಯಾರಿಸ್, ೬ ಸೆಪ್ಟೆಂಬರ್ ೧೬೮೪

ಶ್ರೀಮತಿ ಪೆರೀನ್ ಅವರಿಗೆ,

ಕಾಲು ಪರವಾಗಿಲ್ಲ. ತಿಂಗಳ ಕೊನೆಗೆ ಕೋಲು ಹಿಡಿದು ನಡೆಯಬಹುದೆಂದು ವೈದ್ಯರು ಹೇಳಿದ್ದಾರೆ.

ನಾಲ್ಕನೆಯ ಅಂಕದ ನಿಮ್ಮ ಮಾತುಗಳು ಇದರೊಂದಿಗಿವೆ. ಒಂಬತ್ತು ಹಾಳೆ, ಚಿತ್ತಿಲ್ಲ, ಕಾಟಿಲ್ಲ. ಎದುರು ಪಾತ್ರದ ಕೊನೆಯ ಎರಡೆರಡು ಪದಗಳನ್ನು ಎಂದಿನಂತೆ ಎಡಕ್ಕೆ ಬರೆದಿದ್ದೇನೆ. ನನ್ನ ಕೈಬರಹದಲ್ಲಿ ಪಾತ್ರ ಕಲಿತ ನಟರು ಇವತ್ತಿನವರೆಗೆ ರಂಗದ ಮೇಲೆ ತಡವರಿಸಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಕಂಪನಿಯಲ್ಲಿ ಯಾರನ್ನಾದರೂ ಕೇಳಿ.

ಮೊಸ್ಯೋ ಲ್ಯುಬೆರ್ ನಿನ್ನೆ ತಾವೇ ಮನೆಗೆ ಬಂದು ಅಂಕವನ್ನು ಕೊಟ್ಟುಹೋದರು. ಅರ್ಧ ಗಂಟೆ ಕೂತಿದ್ದರು. ಹೆಚ್ಚೇನೂ ಮಾತಾಡಲಿಲ್ಲ. ರಂಗದ ಮರ್ಯಾದೆಯ ದೃಷ್ಟಿಯಿಂದ ಕೊನೆ ಗಳಿಗೆಯಲ್ಲಿ ಕೆಲವು ಪದ ಬದಲಾಗಿವೆ, ಇರುವ ಹಾಗೆಯೇ ಕಲಿತುಕೊಳ್ಳಿ.

ಈ ಅಂಕದಲ್ಲಿ ರಾಣಿ ಮತ್ತು ರಾಜಕುಮಾರ ಇಬ್ಬರೇ ಇರುವ ದೃಶ್ಯವೊಂದಿದೆ. ಅದನ್ನು ಗ್ರೋಝಾನ್ ಎದುರಿನಲ್ಲೇ ಅಭ್ಯಾಸ ಮಾಡುತ್ತೀರಲ್ಲವೇ? ಕಿವಿ ಮಂದವಾದರೂ ಅವನ ಕಣ್ಣು ಸರಿಯಿದೆ ಎಂದು ನೆನಪು. ಸುಮ್ಮನೆ ಕೇಳಿದೆ.

ನಿಮ್ಮ ಪತ್ರದಲ್ಲಿ ನನ್ನ ಕಾಲಿನ ಬಗ್ಗೆ ಒಂದು ಪ್ರಶ್ನೆ ಇತ್ತು. ಫ್ಲೊರಿವಾಲನ ಕಾಲಿನ ಬಗ್ಗೆ ಮೂರು ವಾಕ್ಯಗಳಿದ್ದವು.

ವಿಧೇಯ
ಗಾಸ್ಪಾರ್

*

ರೂಆನ್, ೯ ಸೆಪ್ಟೆಂಬರ್ ೧೬೮೪

ವಾಕ್ಯ ಎಣಿಸುವ ನನ್ನ ಗಂಡನಿಗೆ,

ಅಯ್ಯೋ, ಬಿದ್ದು ಬಿದ್ದು ನಕ್ಕೆ! ಫ್ಲೊರಿವಾಲನ ಕಾಲಿಗೆ ಮೂರು ವಾಕ್ಯ ಯಾಕೆಂದರೆ ಅವನಲ್ಲಿ ಹೇಳುವಂಥದ್ದು ಬೇರೇನೂ ಇಲ್ಲ. ಬೆಳಿಗ್ಗೆ ಎದ್ದರೆ ಈರುಳ್ಳಿ, ಮಧ್ಯಾಹ್ನ ಉಪ್ಪು ಮೀನು. ಪ್ರೇಮದ ದೃಶ್ಯದಲ್ಲಿ ನಾನು ಮುಖ ಆಚೆ ತಿರುಗಿಸುವುದನ್ನು ನೋಡಿ ಯಜಮಾನರು, "ಆಹಾ, ಎಂಥ ರಾಜಗಾಂಭೀರ್ಯ!" ಎಂದು ಹೊಗಳಿದರು. ನನಗೆ ಬೇಕಿದ್ದದ್ದು ಗಾಳಿ.

ಇನ್ನು ಕೆಲಸದ ಮಾತು. ನಿಮ್ಮ ಹಾಳೆಗಳಲ್ಲಿ ಏನೋ ತಪ್ಪಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನಬೇಡಿ, ಈ ಸಲ ನೆಲ ನಿಜಕ್ಕೂ ಡೊಂಕಾಗಿದೆ. ರಾಣಿ ಸಿಡಿದೇಳುವ ಆ ಸಾಲನ್ನು ನೋಡಿ. ನೀವು ಬರೆದು ಕಳಿಸಿರುವುದು ಹೀಗಿದೆ:

"ನೀವತ್ತ ನೋಡಿದಿರಿ, ನಾ ನಿಮ್ಮ ನೋಡಿದೆ."

ಬೆರಳು ಮಡಿಸಿ ಎಣಿಸಿ. ಇಡೀ ನಾಟಕದಲ್ಲಿ ಸಾಲಿಗೆ ಹನ್ನೆರಡೇ ಅಕ್ಷರ, ಆರು ಈ ಕಡೆ, ಆರು ಆ ಕಡೆ. ಇಲ್ಲಿ ಮಾತ್ರ ಹದಿಮೂರು. ಇದೊಂದೇ ಅಲ್ಲ, ಆ ದೃಶ್ಯದಲ್ಲಿ ಹನ್ನೊಂದು ಸಾಲುಗಳು ನಿಮ್ಮ ಹಾಗೆ ಕುಂಟುತ್ತಿವೆ. ಇಲ್ಲಿ ರಾಣಿ "ನೀನು" ಎನ್ನುತ್ತಾಳೆಂದು ನಾನು ತಿಳಿದಿದ್ದೆ. ಮೂರು ಅಂಕ ಪೂರ್ತಿ ನೀವು, ತಾವು ಎಂದು ಮರ್ಯಾದೆಯ ಬೇಲಿಯೊಳಗಿದ್ದವಳು ಇಲ್ಲಿ ಒಮ್ಮೆಗೇ ಬೇಲಿ ಮುರಿದು "ನೀನು" ಎಂದರೆ ಕೇಳಿದವರ ಬೆನ್ನುಹುರಿ ತಣ್ಣಗಾಗಬೇಕು. "ನೀವು" ಎಂದರೆ ಅಂಗಡಿಯಲ್ಲಿ ತೂಕದ ಬಗ್ಗೆ ದೂರು ಹೇಳಿದ ಹಾಗಿರುತ್ತದೆ.

ನನಗೆ ಸಿಗುವುದು ನನ್ನ ಮಾತು ಮಾತ್ರ. ಕವಿಯ ಕೈಬರಹ ಇರುವುದು ನಿಮ್ಮ ಹತ್ತಿರ. ದಯವಿಟ್ಟು ಅದನ್ನು ನೋಡಿ, ಅವರನ್ನೂ ಕೇಳಿ ತಿಳಿಸಿ.

ನಿಮ್ಮ ಪೆರೀನ್

*

ಪ್ಯಾರಿಸ್, ೧೨ ಸೆಪ್ಟೆಂಬರ್ ೧೬೮೪

ಶ್ರೀಮತಿ ಪೆರೀನ್ ಅವರಿಗೆ,

ಮೊಸ್ಯೋ ಲ್ಯುಬೆರ್ ಅವರನ್ನು ಕೇಳಿದೆ. ಹಾಗೆಯೇ ಇರಲಿ ಎಂದರು.

ಅಕ್ಷರ ಒಂದು ಹೆಚ್ಚಿದ್ದರೆ ಮಾತಿನ ಓಘದಲ್ಲಿ ಮುಚ್ಚಿಹೋಗುತ್ತದೆ. ನಿಮ್ಮಂಥ ನಟಿಗೆ ಅದು ಕಷ್ಟವಲ್ಲ. ನನ್ನ ಅಭಿಪ್ರಾಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ರಾಣಿಯಾದವಳು ಸೆರೆಯಾಳನ್ನು ಆರುನೂರು ಜನರ ಮುಂದೆ "ನೀನು" ಎನ್ನುವುದು ಶೋಭೆಯಲ್ಲ. ಅದು ಬಾಗಿಲು ಹಾಕಿದ ಮೇಲೆ ಆಡುವ ಮಾತು. ನಾವಿಬ್ಬರು ಮದುವೆಯಾಗಿ ಹದಿನಾರು ವರ್ಷವಾಯಿತು, ಬಾಗಿಲು ಹಾಕಿದ ಮೇಲೂ ಒಬ್ಬರಿಗೊಬ್ಬರು "ನೀವು" ಎಂದೇ ಬಂದಿದ್ದೇವೆ. ಅದರಲ್ಲಿ ಕೊರತೆಯಿದೆ ಎಂದು ನನಗೆ ಅನ್ನಿಸಿರಲಿಲ್ಲ. ನಿಮಗೆ ಅನ್ನಿಸಿತ್ತೇ?

ಅಭ್ಯಾಸದಲ್ಲಿ ಮುಖ ತಿರುಗಿಸುವುದನ್ನು ಮುಂದುವರಿಸಿ. ಯಜಮಾನರು ಹೇಳಿದ್ದು ಸರಿ, ಅದರಲ್ಲಿ ಗಾಂಭೀರ್ಯವಿದೆ.

ವಿಧೇಯ
ಗಾಸ್ಪಾರ್

*

ರೂಆನ್, ೧೮ ಸೆಪ್ಟೆಂಬರ್ ೧೬೮೪

ಗಾಸ್ಪಾರ್,

ನಿನ್ನೆ ಆಟವಾಯಿತು. ಸುತ್ತಿ ಬಳಸಿ ಹೇಳುವುದಿಲ್ಲ. ಮೂರು ಅಂಕ ಅಂಗೈಯಲ್ಲಿ ಹಿಡಿದಿದ್ದೆ. ನಡುವೆ ಮೇಣದಬತ್ತಿಗಳ ಕುಡಿ ಕತ್ತರಿಸುವವನು ಬಂದಾಗಲೂ ಕೆಳಗೆ ನಿಂತ ಜನ ಕೆಮ್ಮಲಿಲ್ಲ. ನಾಲ್ಕನೆಯ ಅಂಕದಲ್ಲಿ, ನೀವು ಬರೆದ ಹಾಗೆ, ಒಂದಕ್ಷರ ಬದಲಿಸದೆ ಹೇಳಿದೆ. "ನೀವತ್ತ ನೋಡಿದಿರಿ..." ಎಂದ ಕೂಡಲೇ ಕೆಳಗಿನಿಂದ ಯಾರೋ ಒಬ್ಬ, ಉಣ್ಣೆ ವ್ಯಾಪಾರಿ ಇರಬೇಕು, ಕೂಗಿದ:

"ಹದಿಮೂರು! ತಾಯೀ, ಒಂದು ಕೊಸರು ಬಂತು!"

ಕೆಳಗೆ ನಿಂತವರೆಲ್ಲ ನಕ್ಕರು. ಆಮೇಲೆ ಪ್ರತಿ ಕುಂಟು ಸಾಲಿಗೂ ಬೆರಳೆತ್ತಿ "ಹದಿಮೂರು" ಎಂದರು. ಹೊಟ್ಟೆಕಿಚ್ಚಿನಲ್ಲಿ ಉರಿಯುವ ರಾಣಿಯನ್ನು ನೋಡಿ ಜನ ಲೆಕ್ಕ ಹಾಕಿದರು ಗಾಸ್ಪಾರ್! ಇಪ್ಪತ್ತು ವರ್ಷ ರಂಗದ ಮೇಲಿದ್ದೇನೆ, ಶಿಳ್ಳೆ ಕೇಳಿದ್ದೇನೆ, ಜನ ಎಸೆದ ಬೆಂದ ಸೇಬಿನ ಏಟು ತಿಂದಿದ್ದೇನೆ. ಇಂಥ ಅವಮಾನ ಆಗಿರಲಿಲ್ಲ.

ಇವತ್ತು ಬೆಳಿಗ್ಗೆ ಪಕ್ಕದ ಕೋಣೆಯಲ್ಲಿ ಕೋಲೆತ್ ನನ್ನ ಮೊದಲನೆಯ ಅಂಕವನ್ನು ಗಟ್ಟಿಯಾಗಿ ಓದುತ್ತಿದ್ದಳು. ಗಟ್ಟಿಯಾಗಿ, ಅಂದರೆ ನನಗೆ ಕೇಳಿಸುವ ಹಾಗೆ. ನಾನು ಗೋಡೆ ತಟ್ಟಿ ಹೇಳಿದೆ: "ಮಗಳೇ, ಮೂರನೇ ಸಾಲಲ್ಲಿ ಉಸಿರು ತಗೋಬೇಡ, ಐದನೇದ್ರಲ್ಲಿ ತಗೋ. ಮತ್ತೆ ಜಾಸ್ತಿ ಕಷ್ಟಪಡ್ಬೇಡ, ಆ ಪಾತ್ರ ನಿಂಗೆ ಬರಲ್ಲ."

ಬರುವ ಭಾನುವಾರ, ಇಪ್ಪತ್ತನಾಲ್ಕಕ್ಕೆ, ಇನ್ನೊಂದೇ ಆಟ. ಅದು ಕೈಕೊಟ್ಟರೆ ಮುಗಿಯಿತು. ಕಂಪನಿಯಲ್ಲಿ ದೊಡ್ಡ ಪಾತ್ರವೊಂದನ್ನು ಕಳೆದುಕೊಂಡ ಹೆಂಗಸಿಗೆ ಮುಂದೆ ಸಿಗುವುದು ದಾದಿಯ ವೇಷ, ಸೂಲಗಿತ್ತಿಯ ವೇಷ. ನಾನು ಅದಕ್ಕೆ ಸಿದ್ಧಳಿಲ್ಲ. ಆ ಹನ್ನೊಂದು ಸಾಲುಗಳಲ್ಲಿ ತಾವು ಬರೆದ ಪದ ಯಾವುದು ಎಂದಷ್ಟೇ ಕೇಳಿ ನಿನ್ನೆಯೇ ಮೊಸ್ಯೋ ಲ್ಯುಬೆರ್ ಅವರಿಗೆ ಕುದುರೆ ಸವಾರನ ಕೈಯಲ್ಲಿ ಪತ್ರ ಕಳಿಸಿದ್ದೇನೆ.

ಪೆರೀನ್

*

ರೂಆನ್, ೨೧ ಸೆಪ್ಟೆಂಬರ್ ೧೬೮೪

ಗಾಸ್ಪಾರ್,

ನಿಮ್ಮಿಂದ ಪತ್ರವಿಲ್ಲ. ಕವಿಯಿಂದ ಬಂದಿದೆ. ಅವರು ಬರೆದದ್ದು "ನೀನು". ಹನ್ನೊಂದು ಕಡೆಯಲ್ಲೂ "ನೀನು". ನೀವು ಅವರನ್ನು ಏನೂ ಕೇಳಿಯೇ ಇಲ್ಲ.

ಹದಿನಾರು ವರ್ಷದಲ್ಲಿ ನಿಮ್ಮ ಕೈ ಒಂದು ಅಲ್ಪವಿರಾಮ ತಪ್ಪಿದ್ದನ್ನು ನಾನು ನೋಡಿಲ್ಲ. ಹಾಗಾಗಿ ಇದು ಕೈತಪ್ಪಲ್ಲ. ನನ್ನ ಗಂಡನ ಅಕ್ಷರ ಎಂದು ನಂಬಿ ನಾನು ಜನರ ಮುಂದೆ ನಿಂತೆ. ನಕ್ಕವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಸರಿಯಾಗಿಯೇ ಎಣಿಸಿದರು.

ಕವಿಗೆ ನಿಮ್ಮ ಹೆಸರು ಹೇಳಿಲ್ಲ. ತಪ್ಪು ನನ್ನ ನಾಲಿಗೆಯದು, ಗಾಬರಿಯಲ್ಲಿ "ನೀವು" ಎಂದುಬಿಟ್ಟೆ ಎಂದು ಬರೆದಿದ್ದೇನೆ. ನಕಲುಗಾರ ಸಾಲು ತಿದ್ದಿದನೆಂದು ಗೊತ್ತಾದರೆ ಪ್ಯಾರಿಸ್‌ನ ಯಾವ ಕವಿಯೂ ನಿಮ್ಮ ಕೈಗೆ ಹಾಳೆ ಕೊಡುವುದಿಲ್ಲ. ನಿಮ್ಮ ಅನ್ನ ಉಳಿಸಿದ್ದೇನೆ. ನನ್ನ ಅನ್ನ ನಾನೇ ಉಳಿಸಿಕೊಳ್ಳಬೇಕು.

ಯಾಕೆ ಮಾಡಿದಿರಿ? ಅದನ್ನಷ್ಟೇ ಬರೆಯಿರಿ. ರಂಗದ ಮರ್ಯಾದೆ ಎಂದು ಬರೆದರೆ ಓದದೆ ಒಲೆಗೆ ಹಾಕುತ್ತೇನೆ.

ಪೆರೀನ್

*

ಪ್ಯಾರಿಸ್, ೨೩ ಸೆಪ್ಟೆಂಬರ್ ೧೬೮೪

ಪೆರೀನ್,

ಹೊಟ್ಟೆಕಿಚ್ಚಿನಿಂದ ಮಾಡಿದೆ.

ಅವತ್ತು ಕವಿ ಅರ್ಧ ಗಂಟೆ ಕೂತಿದ್ದರು, ಹೆಚ್ಚೇನೂ ಮಾತಾಡಲಿಲ್ಲ ಎಂದು ಬರೆದಿದ್ದೆ. ಸುಳ್ಳು. ಅವರು ಆಡಿದ ಒಂದೊಂದು ಮಾತೂ ಬಾಯಿಪಾಠವಾಗಿದೆ. ಕುರ್ಚಿಯ ಮೇಲೆ ಕಾಲಿಟ್ಟುಕೊಂಡು, ವೈದ್ಯರು ನನಗೆ ಔಷಧಿಗೆಂದು ಹೇಳಿದ್ದ ದ್ರಾಕ್ಷಾರಸ ಕುಡಿಯುತ್ತ ಹೇಳಿದರು: "ಗಾಸ್ಪಾರ್, ಈ ಅಂಕದ ಜೀವ ಇರೋದೇ 'ನೀನು' ಅನ್ನೋ ಮಾತಲ್ಲಿ ಕಣಯ್ಯ. ನಂಗೆ ಹೊಳೆದಿದ್ದಲ್ಲ ಅದು. ನಿಮ್ಮ ಮನೆಯವರು ಪತ್ರ ಬರೆದು ಕೇಳ್ಕೊಂಡ್ರು. ಬರೀ ಕೇಳಿದ್ದಲ್ಲ, ಒಂದು ಸಾಲನ್ನ ಅವ್ರೇ ಕೊಟ್ರು. ಎದೆಯಿಂದ ಕಿತ್ತು ಕೊಟ್ಟಂಗಿತ್ತು. ಯಾರನ್ನ ನೆನೆಸ್ಕೊಂಡು ಕೊಟ್ರೋ!" ಎಂದು ಕಣ್ಣು ಮಿಟುಕಿಸಿದರು.

ನೀವು ಅವರಿಗೆ ಪತ್ರ ಬರೆದದ್ದನ್ನು ನನಗೆ ಹೇಳಿರಲಿಲ್ಲ. ಅದರ ಹಿಂದಿನ ದಿನವೇ ಆ ಕಾಲುಗಳ ಪತ್ರ ಬಂದಿತ್ತು. ಅನುಮಾನಕ್ಕೆ ಇನ್ನೇನು ಬೇಕು? ಯಾರನ್ನು ನೆನೆಸಿಕೊಂಡು ಎಂದು ನನಗೆ ತಿಳಿಯಿತು ಅಂದುಕೊಂಡೆ. ಹದಿನಾರು ವರ್ಷ ನನಗೆ ಸಿಗದ "ನೀನು" ಎಂಬ ಮಾತು ಒಬ್ಬ ಹೊಸಬನಿಗೆ ಪ್ರತಿ ಆಟದಲ್ಲೂ, ದೀಪದ ಬೆಳಕಿನಲ್ಲಿ, ಊರೆಲ್ಲ ನೋಡುತ್ತಿರುವಾಗ ಸಿಗುತ್ತದೆ. ಅದನ್ನು ಅಂದವಾದ ಅಕ್ಷರದಲ್ಲಿ ಬರೆದು ಕಳಿಸಬೇಕಾದವನು ನಾನು. ಲೇಖನಿ ಅದ್ದಿದೆ, "ನೀವು" ಎಂದು ಬರೆದೆ. ಒಂದು ಸಲ ಬರೆದ ಮೇಲೆ ಉಳಿದ ಹತ್ತು ಸುಲಭವಾಯಿತು.

ಅಕ್ಷರ ಹೆಚ್ಚಾಯಿತೆಂದು ಬರೆಯುವಾಗಲೇ ಗೊತ್ತಿತ್ತು. ನಿಮ್ಮನ್ನು ನೋಡಿ ನಗುತ್ತಾರೆಂದು ಮಾತ್ರ ಯೋಚಿಸಲಿಲ್ಲ. ನಿಮ್ಮನ್ನು ನೋಡಿ ಯಾರಾದರೂ ನಗಬಹುದೆಂದು ನನಗೆ ಹೊಳೆಯುವುದೇ ಇಲ್ಲ. ಈಗ ಆ "ಹದಿಮೂರು" ನನ್ನ ಕಿವಿಯಲ್ಲೇ ಕೂಗುತ್ತಿದೆ.

ಇಂದು ಮೊಸ್ಯೋ ಲ್ಯುಬೆರ್ ಅವರನ್ನು ಕರೆಸಿ ಎಲ್ಲವನ್ನೂ ಹೇಳಿದೆ. ನಿಮ್ಮ ನಾಲಿಗೆಯ ಮೇಲೆ ನನ್ನ ತಪ್ಪು ಇರಬಾರದು. ಬಾಯಿಗೆ ಬಂದಂತೆ ಬೈದರು. ಬೈದು ಸುಸ್ತಾದ ಮೇಲೆ ಐದನೆಯ ಅಂಕ ಯಾರಿಗೆ ಕೊಡುವುದೆಂದು ಯೋಚಿಸುತ್ತೇನೆ ಎಂದು ಎದ್ದುಹೋದರು. ಕೊಡದಿದ್ದರೆ ಅದು ನನ್ನ ಪಾಲಿನದು.

ಈ ಪತ್ರ ಭಾನುವಾರದೊಳಗೆ ನಿಮಗೆ ತಲುಪುವುದಿಲ್ಲ. ನಾಳೆ ಆಟದ ಹೊತ್ತಿಗೆ ನಾನು ಇಲ್ಲಿ ಕೂತು ನಿಮ್ಮ ನಾಲ್ಕನೆಯ ಅಂಕವನ್ನು ಕವಿ ಬರೆದಂತೆಯೇ ಮೆಲ್ಲಗೆ ಓದುತ್ತಿರುತ್ತೇನೆ. ಯಾರಿಗೂ ಕೇಳಿಸದಿದ್ದರೂ ಸರಿ.

ಗಾಸ್ಪಾರ್

*

ರೂಆನ್, ೨೫ ಸೆಪ್ಟೆಂಬರ್ ೧೬೮೪

ನನ್ನ ಗಾಸ್ಪಾರ್,

ನಿಮ್ಮ ಪತ್ರ ಇಂದು ಬೆಳಿಗ್ಗೆ ಬಂತು. ಎರಡು ಸಲ ಓದಿದೆ. ಒಲೆಗೆ ಹಾಕಿಲ್ಲ.

ಮೊದಲು ಆಟದ ಸುದ್ದಿ. ಭಾನುವಾರ ಆ ಉಣ್ಣೆ ವ್ಯಾಪಾರಿ ನಾಲ್ಕು ಜನ ಗೆಳೆಯರನ್ನು ಕಟ್ಟಿಕೊಂಡು ಬಂದಿದ್ದ, ಎಣಿಸುವುದಕ್ಕೆ. ನಾಲ್ಕನೆಯ ಅಂಕ ಶುರುವಾಗುವ ಮುಂಚೆಯೇ ಅವನ ಬೆರಳು ಮೇಲಿತ್ತು. ಗ್ರೋಝಾನನ ಬಾಯಿಗೆ ಒಂದು ದೊಡ್ಡ ಸೇಬು ಕೊಟ್ಟು ಕೂರಿಸಿದ್ದೆ, ನಾನು ನಿಲ್ಲಿಸಿದಲ್ಲಿ ಅವನು ಕೂಗಬಾರದೆಂದು. ಫ್ಲೊರಿವಾಲನ ಹತ್ತಿರ ಹೋದೆ. ಮುಖ ತಿರುಗಿಸಲಿಲ್ಲ, ಈರುಳ್ಳಿ ವಾಸನೆಯನ್ನು ಸಹಿಸಿಕೊಂಡೆ. ದನಿ ಏರಿಸಲಿಲ್ಲ. ಮನೆಯಲ್ಲಿ ಆಡುವ ದನಿಯಲ್ಲೇ ಹೇಳಿದೆ:

"ನೀನತ್ತ ನೋಡಿದೆ."

ನಿಲ್ಲಿಸಿದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಒಂದು ಬತ್ತಿ ಚಟಪಟ ಎಂದದ್ದು ಕೇಳಿಸಿತು. ಆಮೇಲೆ ಉಳಿದರ್ಧ:

"ನಾ ನಿನ್ನ ನೋಡಿದೆ."

ಯಾರೂ ಎಣಿಸಲಿಲ್ಲ ಗಾಸ್ಪಾರ್. ವ್ಯಾಪಾರಿಯ ಬೆರಳು ಎತ್ತಿದ್ದು ಎತ್ತಿದಂತೆಯೇ ಇತ್ತು, ಇಳಿಸುವುದನ್ನು ಮರೆತಿದ್ದ. ಫ್ಲೊರಿವಾಲ್ ಎರಡು ಹೆಜ್ಜೆ ಹಿಂದೆ ಸರಿದ. ಅದು ಅಭ್ಯಾಸದಲ್ಲಿ ಇರಲಿಲ್ಲ. ಒಳಗೆ ಬಂದವನು ಬೆವರು ಒರೆಸಿಕೊಳ್ಳುತ್ತ, "ಅಮ್ಮಾ, ಆಣೆಗೂ ಹೇಳ್ತೀನಿ, 'ನಾನೇನೂ ಮಾಡಿಲ್ಲ, ಬಿಟ್ಬಿಡಿ' ಅಂತ ಕೂಗ್ಬೇಕು ಅನ್ನಿಸ್ತು," ಎಂದ. ಹೌದು, ಅವನು ನನ್ನನ್ನು ಅಮ್ಮಾ ಎನ್ನುತ್ತಾನೆ. ಮೊದಲ ದಿನದಿಂದಲೂ. ಅದನ್ನು ನಿಮಗೆ ಬರೆಯಲಿಲ್ಲ, ಮೂವತ್ತೇಳರ ಹೆಂಗಸಿಗೂ ಒಂದಿಷ್ಟು ಅಭಿಮಾನವಿರುತ್ತದೆ.

ಯಜಮಾನರು ಪ್ಯಾರಿಸ್‌ನಲ್ಲೂ ರಾಣಿ ನಾನೇ ಎಂದು ಎಲ್ಲರೆದುರು ಹೇಳಿದರು. ಕೋಲೆತ್ ಬಂದು ಕೈ ಹಿಡಿದು ಅತ್ತಳು. ನಿಜವಾಗಿಯೇ ಅತ್ತಳು, ಹುಡುಗಿ ಒಳ್ಳೆಯ ನಟಿಯಾಗುತ್ತಾಳೆ.

ಇನ್ನು ನಿಮ್ಮ ಪ್ರಶ್ನೆ. ಯಾರನ್ನು ನೆನೆಸಿಕೊಂಡು ಕೊಟ್ಟೆ?

"ನೀನು" ಒಲವಿನ ಮಾತು ಎಂದು ನೀವು ತಿಳಿದಿದ್ದೀರಿ. ಐದನೆಯ ಅಂಕದಲ್ಲಿ ಏನಾಗಬೇಕೆಂದು ಕವಿ ಯಜಮಾನರಿಗೆ ಬರೆದು ತಿಳಿಸಿದ್ದಾರೆ. ಆ ಮಾತು ಆಡಿದವಳು ಮರುದಿನ ಅವನನ್ನು ಸಾವಿಗೆ ಕಳಿಸುತ್ತಾಳೆ. ಅಂಥ ಮಾತನ್ನು ನಾನಾಗಿ ಹುಟ್ಟಿಸಲಿಲ್ಲ, ಕೇಳಿಸಿಕೊಂಡದ್ದು. ಆಂಜೇ ಊರಿನ ಛತ್ರ, ಒಂಬತ್ತು ವರ್ಷದ ಹಿಂದೆ. ಆಟ ನೋಡಿ ಬಂದ ಸೈನ್ಯಾಧಿಕಾರಿಯೊಬ್ಬ ನನ್ನ ಕೈಗವಸು ಎತ್ತಿಕೊಟ್ಟ. ನೀವು ಮೇಜಿನ ಬಳಿ ನಕಲು ಮಾಡುತ್ತಿದ್ದಿರಿ. ಅವನು ಹೋದ ಮೇಲೆ ಲೇಖನಿ ಕೆಳಗಿಟ್ಟಿರಿ. ದನಿ ಏರಿಸಲಿಲ್ಲ. "ನೀನು ಆ ಕಡೆ ನೋಡಿದೆ. ನಾನು ನಿನ್ನನ್ನ ನೋಡಿದೆ," ಎಂದಿರಿ. ಸಂಸಾರದಲ್ಲಿ ಅದೊಂದೇ ಸಲ ನಿಮ್ಮ ಬಾಯಲ್ಲಿ "ನೀನು" ಬಂದದ್ದು. ಆಮೇಲೆ ಲೇಖನಿ ಎತ್ತಿಕೊಂಡು ಮತ್ತೆ ಬರೆಯತೊಡಗಿದಿರಿ. ರಾಣಿಯ ಪಾತ್ರ ಕೈಗೆ ಬಂದಾಗ ಬೇರೆಲ್ಲೂ ಹುಡುಕಲಿಲ್ಲ, ಆ ದನಿಯನ್ನೇ ತಂದೆ.

ನೀವು ಹೊಡೆದುಹಾಕಿದ್ದು ನಿಮ್ಮದೇ ಮಾತು ಗಾಸ್ಪಾರ್. ನಿಮ್ಮ ಹೊಟ್ಟೆಕಿಚ್ಚಿನ ಮೇಲೆಯೇ ನಿಮಗೆ ಹೊಟ್ಟೆಕಿಚ್ಚಾಯಿತು!

ಇದನ್ನು ಬರೆದು ನಗುತ್ತ ಪತ್ರ ಮುಗಿಸಬಹುದಿತ್ತು. ಆದರೆ ನೀವು ಕವಿಯನ್ನು ಕರೆಸಿ ನಿಜ ಹೇಳಿದಿರಿ, ಅನ್ನ ಹೋದರೂ ಹೋಗಲಿ ಎಂದು. ನಾನೂ ಒಂದು ಹೇಳುತ್ತೇನೆ. ಅವತ್ತು ನಾನು "ಇಲ್ಲ, ನೋಡಲಿಲ್ಲ" ಎಂದೆ. ಸುಳ್ಳು. ನೋಡಿದ್ದೆ. ಒಮ್ಮೆಯಲ್ಲ, ಎರಡು ಸಲ. ಅವನು ಚೆನ್ನಾಗಿದ್ದ, ನನಗೆ ಇಪ್ಪತ್ತೆಂಟು, ನೀವು ಮೂರು ದಿನದಿಂದ ಹಾಳೆಯಿಂದ ತಲೆ ಎತ್ತಿರಲಿಲ್ಲ. ಅಷ್ಟೇ, ಮುಂದೆ ಏನೂ ಇಲ್ಲ. ಆ "ನೀನು" ನನಗೆ ಅಷ್ಟು ಆಳಕ್ಕೆ ಇಳಿದದ್ದು ಅದು ಸುಳ್ಳು ಆರೋಪವಾಗಿದ್ದರಿಂದಲ್ಲ, ನಿಜವಾಗಿದ್ದರಿಂದ.

ಈಗ ನಿಮಗೆ ಸಿಟ್ಟು ಬರಬಹುದು. ಬರಲಿ. ನಾನು ಹೆದರುವುದಿಲ್ಲ.

ನಿಮ್ಮ ಪೆರೀನ್

*

ಪ್ಯಾರಿಸ್, ೨೮ ಸೆಪ್ಟೆಂಬರ್ ೧೬೮೪

ಪ್ರೀತಿಯ ಪೆರೀನ್,

ಕೋಲು ಹಿಡಿದು ಬೀದಿಯ ತುದಿಯವರೆಗೆ ನಡೆದೆ. ಮೊಸ್ಯೋ ಲ್ಯುಬೆರ್ ನಿನ್ನೆ ಬಂದು ಐದನೆಯ ಅಂಕವನ್ನು ಮೇಜಿನ ಮೇಲೆ ಬಿಸಾಡಿದರು. "ಬರಿ. ತಿದ್ದಿದ್ರೆ ಇನ್ನೊಂದು ಕಾಲೂ ಮುರೀತೀನಿ," ಎಂದರು. ರೂಆನಿನ ಸುದ್ದಿ ಅವರಿಗೂ ಮುಟ್ಟಿದೆ, ಆದ್ದರಿಂದ ಕ್ಷಮೆ ಸುಲಭವಾಯಿತು. ಅಂಕವನ್ನು ನಕಲು ಮಾಡಿ ಮುಗಿಸಿದ್ದೇನೆ. ಇದರ ಹಿಂದೆಯೇ ಬರುತ್ತದೆ. ಸಾಲಿಗೆ ಹನ್ನೆರಡು, ಎರಡು ಸಲ ಎಣಿಸಿದ್ದೇನೆ.

ಆಂಜೇಯ ಮಾತು ನನಗೆ ಮರೆತೇಹೋಗಿತ್ತು. ನಾಲ್ಕನೆಯ ಅಂಕ ಬರೆಯುವಾಗ ಆ ಸಾಲಿಗೆ ಬಂದಾಗ ಲೇಖನಿ ಕೆಳಗಿಟ್ಟದ್ದು ನೆನಪಿದೆ. ಕಾಲಿನ ನೋವಿಗೆ ಎಂದುಕೊಂಡಿದ್ದೆ.

ಆದರೆ ನೀವು ನೋಡಿದ್ದು ಮರೆತಿರಲಿಲ್ಲ. ಎರಡು ಸಲ ಎಂದು ಬರೆದಿದ್ದ ನಿಮ್ಮ ಪತ್ರ ಓದಿ ನನಗೆ ನಗು ಬಂತು. ಮೂರು ಸಲ, ಪೆರೀನ್. ಮೂರನೆಯದು ಅವನು ಮೆಟ್ಟಿಲಿಳಿಯುವಾಗ. ನೀವು ಇಲ್ಲವೆಂದಾಗ ನಾನು ನಂಬಲಿಲ್ಲ, ನಂಬುತ್ತೇನೆಂದು ನಿರ್ಧಾರ ಮಾಡಿದೆ. ಒಂಬತ್ತು ವರ್ಷ ಆ ನಿರ್ಧಾರದ ಮೇಲೆ ಸಂಸಾರ ನಡೆಯಿತು, ಚೆನ್ನಾಗಿಯೇ ನಡೆಯಿತು. ಈ ತಿಂಗಳು ಮಾತ್ರ ಮಂಚದ ಮೇಲೆ ಬಿದ್ದಿದ್ದೆ, ನಿಮ್ಮ ಮುಖ ಎದುರಿಗಿರಲಿಲ್ಲ, ನಿರ್ಧಾರ ಕೈಬಿಟ್ಟಿತು.

"ನೀನು" ಎಂಬ ಮಾತನ್ನು ರಾಣಿಗೇ ಬಿಟ್ಟಿದ್ದೇನೆ. ನನಗೆ ಬೇಡ. ನೀವು ಬನ್ನಿ.

ನಿಮ್ಮ
ಗಾಸ್ಪಾರ್